ಯಜಮಾನರನ್ನು ಕಳಿಸಿ, ಮೇಡಂ!

ಯಶವಂತಪುರದ ಒಂದು ಗ್ಯಾರೇಜಿನಲ್ಲಿ ಈ ಮಾತನ್ನು ನಾನು ಒಂದಲ್ಲ, ಮೂರು ಸಲ ಕೇಳಿದ್ದೇನೆ. "ಯಜಮಾನರನ್ನು ಕಳಿಸಿ ಮೇಡಂ, ಅವರಿಗೆ ಹೇಳ್ತೀನಿ." ಕಾರು ನನ್ನ ಹೆಸರಿನಲ್ಲಿದೆ, ಓಡಿಸುವವಳು ನಾನು, ದುಡ್ಡು ಕೊಡುವವಳೂ ನಾನು. ಕಾಯಿಲೆ ಏನೆಂದು ಕೇಳುವ ಹಕ್ಕು ಮಾತ್ರ ಯಜಮಾನರದು! ಅವರಿಗೋ ಬಾನೆಟ್ ಎತ್ತುವುದಕ್ಕೂ ಬರುವುದಿಲ್ಲ.

ಕಾರು, ನಮ್ಮ ಮಾವನವರು ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ. ಚಿತ್ತೋರಿನ ರಾಣಿಯ ಹೆಸರು ಹೊತ್ತ ಗಾಡಿ. ಅದರ ಹೊಟ್ಟೆಯೊಳಗೆ ಹೆಂಗಸರು ಇಣುಕಬಾರದಂತೆ. ನಿಂತಲ್ಲಿ ಸದ್ದಿಲ್ಲದೆ ಓಡುವ ಎಂಜಿನ್ನು ಹೆಬ್ಬಾಳದ ಫ್ಲೈಓವರ್ ಏರುವಾಗ ಮುಗ್ಗರಿಸುತ್ತಿತ್ತು. ಮೆಕ್ಯಾನಿಕ್ಕು ಪ್ರತಿ ಸಲವೂ ಕಾರ್ಬುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿ, "ಈಗ ಸರಿ" ಎನ್ನುವರು. ಎಷ್ಟು ಸರಿ ಎಂದರೆ, "ಅದು ಅನುಭವ ಮೇಡಂ, ನಿಮಗೆ ಗೊತ್ತಾಗಲ್ಲ."

ಅನುಭವಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ವಿವರಿಸದೆ ಸುಮ್ಮನೆ ನಂಬು ಎಂದರೆ ಅದು ವಿದ್ಯೆಯಲ್ಲ, ಯಜಮಾನಿಕೆ.

ಕಾರ್ಬುರೇಟರಿನಲ್ಲಿ ಮಂತ್ರವೇನೂ ಇಲ್ಲ. ಅಕ್ಕಿಗೆ ನೀರಿಡುವ ಹಾಗೆ ಅದು ಗಾಳಿಗೆ ಪೆಟ್ರೋಲು ಬೆರೆಸುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಮಸಿ, ಪರ್ಸಿಗೆ ತೂತು. ಗಾಳಿ ಹೆಚ್ಚಾದರೆ ಮುಗ್ಗರಿಕೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಆದ್ದರಿಂದ ಮುಂಬಯಿಯ ಹದ ಇಲ್ಲಿ ಪೆಟ್ರೋಲು ಹೆಚ್ಚು ಕುಡಿಸುತ್ತದೆ. ಇತ್ತ 2023ರ ಫೆಬ್ರುವರಿಯಲ್ಲಿ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು ನಮ್ಮ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲೇ. ಎಥೆನಾಲಿಗೆ ಒಂದಕ್ಕೆ ಸುಮಾರು 9 ಪಾಲು ಗಾಳಿ ಸಾಕು. ಹಳೆಯ ಹದದಲ್ಲೇ ಬಿಟ್ಟರೆ ಗಾಳಿ ಹೆಚ್ಚಾಗುತ್ತದೆ. ಒಂದು ಕಾರಣ ಆ ಕಡೆ ಎಳೆಯುತ್ತದೆ, ಇನ್ನೊಂದು ಈ ಕಡೆ. ನಿಂತ ಗಾಡಿಯ ಸದ್ದು ಕೇಳಿ ಇದನ್ನು ತೂಗಲಾದೀತೆ? ನೀವೇ ಹೇಳಿ.

ಕೊನೆಗೆ ವೈಡ್‌ಬ್ಯಾಂಡ್ ಏರ್-ಫ್ಯುಯೆಲ್ ಗೇಜ್ ತರಿಸಿದೆ. ಯಲಹಂಕದ ವೆಲ್ಡಿಂಗ್ ಅಂಗಡಿಯಲ್ಲಿ, ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಗೆ ತೂತು ಕೊರೆಸಿ, ನಟ್ಟು ಬೆಸೆಸಿ, ಸೆನ್ಸರ್ ಕೂರಿಸಿದ್ದಾಯಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಅದು ಅಂಕಿ ತೋರಿಸುತ್ತದೆ. ಲ್ಯಾಂಬ್ಡಾ 1 ಎಂದರೆ ಸರಿಸಮ. ಅದಕ್ಕಿಂತ ಮೇಲಾದರೆ ಗಾಳಿ ಹೆಚ್ಚು, ಕೆಳಗಾದರೆ ಪೆಟ್ರೋಲು ಹೆಚ್ಚು. ಎಥೆನಾಲ್ ಬೆರೆತರೂ ಈ ಲೆಕ್ಕ ಬದಲಾಗದು. ಬಿ.ಎ. ಓದಿದ ನನಗೆ ಇಷ್ಟು ತಿಳಿಯಲು ಒಂದು ಸಂಜೆ ಸಾಕಾಯಿತು.

ಓಡಿಸಿದ್ದು ನಾನು. ಪಕ್ಕದಲ್ಲಿ ಕೂತು ಅಂಕಿ ಬರೆದುಕೊಂಡವರು ಯಜಮಾನರು! ನಿಂತಾಗ 0.92. ಏರುವಾಗ ಎಂಜಿನ್ನಿಗೆ ಬೇಕಾದದ್ದು 0.9ರ ಆಸುಪಾಸು, ಫ್ಲೈಓವರ್ ಮೇಲೆ ಗೇಜ್ ತೋರಿಸಿದ್ದು 1.07. ಮೂರು ಸಲ ತಿರುಗಿಸಿದ ಆ ಸ್ಕ್ರೂ ನಿಂತಾಗಿನ ಹದಕ್ಕಷ್ಟೇ ಸಂಬಂಧಪಟ್ಟದ್ದು. ಏರಿನಲ್ಲಿ ಪೆಟ್ರೋಲು ಕೊಡುವುದು ಮೇನ್ ಜೆಟ್. ಯಾರೋ ಮೈಲೇಜಿನ ಆಸೆಗೆ ಅಲ್ಲಿ ಸಣ್ಣ ಜೆಟ್ ಹಾಕಿದ್ದರು. ದೊಡ್ಡದು ಹಾಕಿಸಿದ ಮೇಲೆ ಅದೇ ಏರಿನಲ್ಲಿ 0.9 ಬಂತು, ಮುಗ್ಗರಿಕೆ ನಿಂತಿತು.

ಯಂತ್ರ ಬಂದರೆ ಕೈಗುಣ ಸಾಯುತ್ತದೆ ಎನ್ನುವವರಿದ್ದಾರೆ. ಜೆಟ್ ಬದಲಿಸಿದ್ದು ಮೆಕ್ಯಾನಿಕ್ಕಿನ ಕೈಯೇ ತಾನೆ? ಥರ್ಮಾಮೀಟರ್ ಬಂದು ಒಳ್ಳೆಯ ವೈದ್ಯರ ಅನ್ನ ಹೋಗಲಿಲ್ಲ. ಅಳತೆಗೆ ಹೆದರುವವರು, ಊಹೆಯನ್ನೇ ಅನುಭವವೆಂದು ಮಾರುವವರು ಮಾತ್ರ.

ಆದ್ದರಿಂದ ಅಕ್ಕತಂಗಿಯರೇ, ಗ್ಯಾರೇಜಿರಲಿ, ಬ್ಯಾಂಕಿರಲಿ, "ನಿಮಗೆ ಗೊತ್ತಾಗಲ್ಲ" ಎಂದವರನ್ನು "ಎಷ್ಟು? ಯಾವುದರಲ್ಲಿ ಅಳೆದಿರಿ?" ಎಂದು ಕೇಳಿ. ಉತ್ತರ ಬರುವವರೆಗೆ ಪರ್ಸು ತೆಗೆಯಬೇಡಿ.