ಆ ಕೊನೆಯ 13
ಜೂನ್ ಬಂದ್ರೆ ದಾವಣಗೆರೆ, ಹಾವೇರಿ ಕಡೆಯ ನಮ್ಮಂಥವರಿಗೆ ಮನೆಯಿಂದ ಒಂದೇ ಫೋನು: "ಡಿಎಪಿ ಸಿಗ್ತಿಲ್ಲ ಕಣೋ." ಮೆಕ್ಕೆಜೋಳ ಬಿತ್ತೋಕೆ ಅದೇ ಆಗಬೇಕಾ? ನಮಗಂತೂ ಹಾಗನ್ನಿಸಲ್ಲ. ಡಿಎಪಿಯಲ್ಲಿ ಸಾರಜನಕ 18, ರಂಜಕ 46, ಗಂಧಕ ಸೊನ್ನೆ. 20:20:0:13 ಚೀಲದಲ್ಲಿ ಆ ಕೊನೆಯ 13 ಇದೆಯಲ್ಲ, ಅದೇ ಗಂಧಕ. (ನಾವು ಅದನ್ನ ಬ್ಯಾಚ್ ನಂಬರ್ ಅಂದ್ಕೊಂಡಿದ್ವಿ!) ರಂಜಕ ಕಡಿಮೆ, ನಿಜ, ಮಣ್ಣು ಪರೀಕ್ಷೆ ನೋಡಿ ಲೆಕ್ಕ ಹಾಕಬೇಕು.

ಸಾರಜನಕ ಸಾಲದಿದ್ರೆ ಮೊದಲು ಕೆಳಗಿನ ಹಳೇ ಎಲೆ ಹಳದಿಯಾಗುತ್ತೆ, ಗಂಧಕ ಸಾಲದಿದ್ರೆ ಮೇಲಿನ ಎಳೇ ಎಲೆ. ಎರಡಕ್ಕೂ ಯೂರಿಯಾನೇ ಎರಚಿದ್ರೆ ದುಡ್ಡು ದಂಡ. ಸೆಮಿಸ್ಟರ್‌ಗೊಂದು ಗಣಿತ ಪಾಸ್ ಮಾಡೋ ನಾವು ಅಪ್ಪನಿಗೆ ಇಷ್ಟು ಲೆಕ್ಕ ಹೇಳೋಕಾಗಲ್ವಾ? ಈ ಸಲ ಫೋನ್ ಬಂದ್ರೆ "ಕ್ಲಾಸಲ್ಲಿದೀನಿ" ಅಂತ ಕಟ್ ಮಾಡೋದು ಬೇಡ.