ಲೊರೇನ್: ತಂತಿಗಳ ಗೋಜಲಿನಲ್ಲಿ ಹುಟ್ಟಿದ ಕಂಪ್ಯೂಟರ್

1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಕಮೊಡೋರ್ ಕಂಪನಿ ಅಮಿಗಾ 1000 ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಕಲಾವಿದ ಆಂಡಿ ವಾರ್‌ಹಾಲ್ ವೇದಿಕೆಯ ಮೇಲೆಯೇ ಗಾಯಕಿ ಡೆಬಿ ಹ್ಯಾರಿಯ ಚಿತ್ರಕ್ಕೆ ಅದರಲ್ಲಿ ಬಣ್ಣ ತುಂಬಿದರು. ನಾಲ್ಕು ದಶಕ ಕಳೆದ ಮೇಲೆ ಲೆಕ್ಕ ಹಾಕಲು ಕುಳಿತರೆ, ಆ ಸಮಾರಂಭಕ್ಕಿಂತ ಅದಕ್ಕೂ ಒಂದೂವರೆ ವರ್ಷ ಹಿಂದಿನ ಒಂದು ಮಾದರಿ ಯಂತ್ರವೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅದರ ಹೆಸರು ಲೊರೇನ್. ಅಮಿಗಾ ಕಂಪನಿಯ ಅಧ್ಯಕ್ಷ ಡೇವ್ ಮೋರ್ಸ್ ಅವರ ಪತ್ನಿಯ ಹೆಸರು.

1984ರ ಜನವರಿಯಲ್ಲಿ ಲಾಸ್ ವೇಗಸ್‌ನ ಗ್ರಾಹಕ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಲೊರೇನ್ ಬಂದಾಗ ಅದರ ಮೂರು ಮುಖ್ಯ ಚಿಪ್‌ಗಳು ಇನ್ನೂ ಸಿಲಿಕಾನಿನಲ್ಲಿ ಮೂಡಿರಲಿಲ್ಲ. ಒಂದೊಂದು ಚಿಪ್ಪಿನ ಬದಲಿಗೆ ಒಂದೊಂದು ಬ್ರೆಡ್‌ಬೋರ್ಡ್‌ಗಳ ಅಟ್ಟಿ, ಅದರ ತುಂಬ ಸಾಮಾನ್ಯ ಲಾಜಿಕ್ ಐಸಿಗಳು, ಅವನ್ನು ಬೆಸೆಯುವ ತಂತಿಗಳ ಕಾಡು. ಒಂದು ತಂತಿ ಸಡಿಲಾದರೆ ಯಾವುದೆಂದು ಹುಡುಕಿ ಸರಿಪಡಿಸಬೇಕು. ಅದನ್ನು ವಿಮಾನದಲ್ಲಿ ಸಾಗಿಸಲು ಪ್ರತ್ಯೇಕ ಆಸನವನ್ನೇ ಖರೀದಿಸಿದರು. ಟಿಕೆಟ್ಟಿಗೆ ಒಂದು ಹೆಸರು ಬೇಕಾಗಿದ್ದರಿಂದ 'ಜೋ ಪಿಲ್ಲೋ' ಎಂದು ಕೊಟ್ಟರೆಂದು ತಂಡದ ಆರ್. ಜೆ. ಮೈಕಲ್ ಹೇಳಿದ್ದಾರೆ.

ಈ ಗೋಜಲಿನ ಹಿಂದಿದ್ದವರು ಜೇ ಮೈನರ್. ಅಟಾರಿ 2600 ಆಟದ ಯಂತ್ರದ ಚಿಪ್ ರೂಪಿಸಿದವರು. ಅವರ ಯೋಚನೆ ಸರಳವಾಗಿತ್ತು: ಕೇಂದ್ರ ಸಂಸ್ಕಾರಕದ ತಲೆಯ ಮೇಲೆ ಎಲ್ಲ ಹೊರೆ ಹೊರಿಸಬಾರದು. ಚಿತ್ರ, ಧ್ವನಿ, ಮೆಮೊರಿಯೊಳಗೆ ದತ್ತಾಂಶದ ಸಾಗಣೆ, ಇವನ್ನೆಲ್ಲ ಅವಕ್ಕಾಗಿಯೇ ಕೆತ್ತಿದ ಚಿಪ್‌ಗಳು ಹೊತ್ತುಕೊಂಡರೆ ಕೇಂದ್ರ ಸಂಸ್ಕಾರಕವಾದ ಮೋಟೊರೋಲಾ 68000 ತನ್ನ ಕೆಲಸ ಮಾಡಿಕೊಳ್ಳುತ್ತದೆ.

ಮೇಳದಲ್ಲಿ ಅದಕ್ಕೆ ಸಾಕ್ಷಿಯಾದದ್ದು ಡೇಲ್ ಲಕ್ ಮತ್ತು ಮೈಕಲ್ ಬರೆದ ಪುಟಿಯುವ ಚೆಂಡು. ಕೆಂಪು ಬಿಳಿ ಚೌಕಗಳ ದೊಡ್ಡ ಚೆಂಡು ಉರುಳುತ್ತ ಪುಟಿಯುತ್ತದೆ, ಅದರ ನೆರಳು ಹಿಂದಿನ ಜಾಲರಿಯ ಮೇಲೆ ಬೀಳುತ್ತದೆ. ಚೆಂಡನ್ನು ಪ್ರತಿ ಬಾರಿಯೂ ಹೊಸದಾಗಿ ಬಿಡಿಸುತ್ತಿರಲಿಲ್ಲ ಎಂಬುದೇ ಅದರ ಸೊಗಸು. ಬಣ್ಣದ ಪಟ್ಟಿಯಲ್ಲಿನ ಬಣ್ಣಗಳನ್ನು ಸುತ್ತಿಸಿದರೆ ಚೆಂಡು ತಿರುಗಿದಂತೆ ಕಾಣುತ್ತದೆ; ಚಿತ್ರವನ್ನು ಮೆಮೊರಿಯ ಯಾವ ಜಾಗದಿಂದ ತೋರಿಸಬೇಕೆಂಬುದನ್ನು ಬದಲಿಸಿದರೆ ಪುಟಿದಂತೆ ಕಾಣುತ್ತದೆ. ಸಂಸ್ಕಾರಕ ಹೆಚ್ಚುಕಡಿಮೆ ಬಿಡುವಾಗಿಯೇ ಇರುತ್ತಿತ್ತು. ಇಷ್ಟನ್ನು ಮಾರಾಟದ ಭಾಷಣವೊಂದು ವಿವರಿಸಲಾರದು.

ಆದರೆ ಅಮಿಗಾ ಕಂಪನಿಯ ಕೈಯಲ್ಲಿ ಹಣವಿರಲಿಲ್ಲ. ಅಟಾರಿಯಿಂದ 5 ಲಕ್ಷ ಡಾಲರ್ ಸಾಲ ತಂದರು; 1984ರ ಜೂನ್ ಮುಗಿಯುವುದರೊಳಗೆ ತೀರಿಸದಿದ್ದರೆ ಚಿಪ್‌ಗಳ ಹಕ್ಕು ಅಟಾರಿಗೆ ಸೇರುತ್ತಿತ್ತು. ಕಮೊಡೋರ್‌ನ ಹಣದಿಂದ ಸಾಲ ತೀರಿತು, ಆಗಸ್ಟಿನಲ್ಲಿ ಇಡೀ ಕಂಪನಿ ಕಮೊಡೋರ್‌ನ ತೆಕ್ಕೆಗೆ ಹೋಯಿತು. ಅಮಿಗಾ 1000ರ ಮುಚ್ಚಳದ ಒಳಬದಿಯಲ್ಲಿ ತಂಡದವರ ಸಹಿಗಳಿವೆ, ಜೊತೆಗೆ ಮೈನರ್ ಅವರ ನಾಯಿ ಮಿಚಿಯ ಪಂಜದ ಗುರುತೂ ಇದೆ. ಮಾಡಿದವರನ್ನು ಯಂತ್ರದೊಳಗೇ ಗೌರವಿಸಿದ ಈ ನಡೆ ನಮಗೆ ಇಂದಿಗೂ ಹಿಡಿಸುತ್ತದೆ.

ಮುಂದಿನ ಕತೆ ಬೇಸರದ್ದು. ನಾಲ್ಕು ಸಾವಿರದ ತೊಂಬತ್ತಾರು ಬಣ್ಣಗಳೂ ನಾಲ್ಕು ಧ್ವನಿ ವಾಹಿನಿಗಳೂ ಇದ್ದ ಯಂತ್ರವನ್ನು ಆಟದ ಸಾಮಾನು ಎನ್ನಬೇಕೋ ಕಚೇರಿಯ ಸಲಕರಣೆ ಎನ್ನಬೇಕೋ ಎಂಬ ಗೊಂದಲ ಕಮೊಡೋರನ್ನು ಕೊನೆಯವರೆಗೂ ಬಿಡಲಿಲ್ಲ. ಬಣ್ಣಗಳಲ್ಲಿ ದೊಡ್ಡ ಹೆಜ್ಜೆಯೆನ್ನಬಹುದಾದ ಹೊಸ ಚಿಪ್‌ಗಳು 1992ರಲ್ಲಿ ಬಂದವು, ಅಷ್ಟರಲ್ಲಿ ಪಿಸಿಗಳು ಬೆನ್ನಟ್ಟಿ ಮುಟ್ಟಿದ್ದವು. 1994ರ ಏಪ್ರಿಲ್‌ನಲ್ಲಿ ಕಂಪನಿ ಬಾಗಿಲು ಮುಚ್ಚಿತು. ಅದೇ ವರ್ಷದ ಜೂನ್‌ನಲ್ಲಿ ಮೈನರ್ ತೀರಿಕೊಂಡರು.

ಹಾಗಾದರೆ ಉಳಿದದ್ದೇನು? ಕೆಲಸಕ್ಕೊಂದು ಚಿಪ್ ಎಂಬ ನಂಬಿಕೆ ಗೆದ್ದಿದೆ. ನಮ್ಮ ಫೋನಿನೊಳಗೆ ಇಂದು ಚಿತ್ರಕ್ಕೆ, ಧ್ವನಿಗೆ, ವಿಡಿಯೋಗೆ ಬೇರೆ ಬೇರೆ ಭಾಗಗಳಿವೆ. ಇದನ್ನು ಮೈನರ್ ಒಬ್ಬರೇ ಕಂಡುಹಿಡಿದರೆನ್ನುವುದು ಸಲ್ಲದು, ಆದರೆ ಮನೆಯ ಮೇಜಿನ ಮೇಲೆ ಅದು ಸಾಧ್ಯವೆಂದು ಲೊರೇನ್ ತೋರಿಸಿಕೊಟ್ಟಿತು.

ಅಮಿಗಾ ಬಂದ 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಚಿಪ್ ವಿನ್ಯಾಸ ಇಂದು ಆ ನಗರದ ಸಾವಿರಾರು ಎಂಜಿನಿಯರುಗಳ ವೃತ್ತಿ. ಸಿಲಿಕಾನಿಗೆ ಹೋಗುವ ಮುನ್ನ ಅವರೂ ಮಾದರಿ ಬೋರ್ಡ್‌ಗಳ ಮೇಲೆ ಪರೀಕ್ಷೆ ನಡೆಸುತ್ತಾರೆ. ಅಂಥ ಬೋರ್ಡ್‌ಗಳನ್ನು ಇ-ತ್ಯಾಜ್ಯಕ್ಕೆ ಹಾಕುವ ಮೊದಲು ಒಂದನ್ನಾದರೂ ತೆಗೆದಿರಿಸಿ, ದುಡಿದವರ ಹೆಸರು ಬರೆದು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ ಎಂದು ಅಲ್ಲಿನ ಚಿಪ್ ವಿನ್ಯಾಸ ಸಂಸ್ಥೆಗಳನ್ನು ಕೇಳಿಕೊಳ್ಳುತ್ತೇವೆ.