ನೆರವು ದಾಖಲಾತಿಯ ದಿನಕ್ಕೇ ಒದಗಲಿ

ಕರ್ನಾಟಕದಲ್ಲಿ ಕಾಲೇಜು ವಿದ್ಯಾರ್ಥಿಗಳ ನೆರವಿಗೆ ಯೋಜನೆಗಳೇ ಇಲ್ಲವೆಂದು ದೂರಲಾಗದು. ಪರಿಶಿಷ್ಟ ಹಾಗೂ ಹಿಂದುಳಿದ ವರ್ಗಗಳ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಹಾಸ್ಟೆಲ್ ಸಿಗದವರ ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿಯ ಲೆಕ್ಕದಲ್ಲಿ ಹತ್ತು ತಿಂಗಳ ನೆರವು ನೀಡಲೆಂದು ವಿದ್ಯಾಸಿರಿ ಬಂದಿತು. 2021ರಲ್ಲಿ ಪ್ರಕಟವಾದ ರೈತ ವಿದ್ಯಾನಿಧಿಯು ರೈತರ ಮಕ್ಕಳಿಗೆ ಕೋರ್ಸಿಗೆ ತಕ್ಕಂತೆ ವರ್ಷಕ್ಕೆ 2,500ರಿಂದ 11,000 ರೂಪಾಯಿಯವರೆಗೆ ಗೊತ್ತುಪಡಿಸಿತು. ತೊಡಕಿರುವುದು ಮೊತ್ತದಲ್ಲಿ ಮಾತ್ರವಲ್ಲ, ಹಣ ಕೈಸೇರುವ ಹೊತ್ತಿನಲ್ಲೂ.

ಶುಲ್ಕ ಮರುಪಾವತಿ, ಅಂದರೆ ಮೊದಲು ಕೈಯಿಂದ ಕಟ್ಟಿ ಆಮೇಲೆ ಸರ್ಕಾರದಿಂದ ಪಡೆಯುವ ಕ್ರಮವು, ಕಟ್ಟಲು ಕೈಯಲ್ಲಿ ಹಣವಿದ್ದವರಿಗಷ್ಟೇ ಅನುಕೂಲ. ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಕೂಲಿಕಾರರ ಮಗಳು ಯಾವ ಕೋರ್ಸು ತನಗೆ ಹಿಡಿಸುತ್ತದೆ ಎಂಬುದಕ್ಕಿಂತ, ಯಾವ ಕಾಲೇಜಿನ ಮೊದಲ ಕಂತು ಮನೆಯವರ ಕೈಗೆಟುಕುತ್ತದೆ ಎಂಬುದನ್ನೇ ನೋಡಿ ಅರ್ಜಿ ಹಾಕಬೇಕಾಗುತ್ತದೆ. ಪರೀಕ್ಷೆಯ ವೇಳೆಗೆ ಬರುವ ಹಣ ಆಕೆಯ ಆ ಆಯ್ಕೆಯನ್ನು ಬದಲಿಸಲಾರದು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಅರ್ಜಿ ಸಲ್ಲಿಸುವ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಇನ್ನೊಂದು ಹೊಸ್ತಿಲು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದಿರುವ ಇನಿಷಿಯಲ್ ಆಧಾರ್ ಕಾರ್ಡಿನಲ್ಲಿ ಮುಂದಿದ್ದರೆ, ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಅರ್ಜಿಯೋ ಹಣವೋ ಎಲ್ಲಾದರೊಂದು ಕಡೆ ನಿಂತುಬಿಡಬಹುದು. ಮೊದಲ ತಲೆಮಾರಿನ ವಿದ್ಯಾವಂತರಿರುವ ಮನೆಯಲ್ಲಿ ಇದನ್ನೆಲ್ಲ ತಿದ್ದಿಸಿಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ.

ಹಿಂದೆ ವಾರಾನ್ನದ ಮನೆಗಳು, ಮಠಗಳ ದಾಸೋಹ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂತಹ ಸಂಸ್ಥೆಗಳ ವಿದ್ಯಾರ್ಥಿನಿಲಯಗಳು ಹಳ್ಳಿಯ ಮಕ್ಕಳನ್ನು ಓದಿನತ್ತ ತಂದದ್ದು ಹಸಿವು ಮತ್ತು ಸೂರಿನ ಪ್ರಶ್ನೆಗೆ ಅಂದಂದಿಗೇ ಉತ್ತರ ಕೊಟ್ಟಿದ್ದರಿಂದ. ಆ ವ್ಯವಸ್ಥೆಗೆ ಜಾತಿಯ ಮಿತಿಗಳಿದ್ದವು ಎಂಬುದನ್ನು ಮರೆಯಬೇಕಿಲ್ಲ. ಆದರೆ ಊಟದ ತಟ್ಟೆಗೆ ಮರುಪಾವತಿಯ ನಿಯಮವಿರಲಿಲ್ಲ.

ಆದ್ದರಿಂದ ನಾಡಿನ ಬಲ್ಲವರಲ್ಲಿ ಕಳಕಳಿಯ ಮನವಿ. ಸರ್ಕಾರವು ಮೊದಲ ಕಂತನ್ನು ದಾಖಲಾತಿಯ ಸಮಯದಲ್ಲೇ ಬಿಡುಗಡೆ ಮಾಡಲಿ. ಅಲ್ಲಿಯವರೆಗೆ ಆಡಳಿತ ಮಂಡಳಿಗಳು ಅರ್ಹ ವಿದ್ಯಾರ್ಥಿಗಳನ್ನು ಶುಲ್ಕಕ್ಕಾಗಿ ಬಾಗಿಲಲ್ಲಿ ನಿಲ್ಲಿಸದಿರಲಿ. ಹಳೆಯ ವಿದ್ಯಾರ್ಥಿ ಸಂಘಗಳು ಸನ್ಮಾನ ಸಮಾರಂಭದ ಖರ್ಚನ್ನು ತುಸು ತಗ್ಗಿಸಿ, ಒಬ್ಬರಿಗೆ ಕೊಟ್ಟದ್ದು ಮರಳಿದ ಬಳಿಕ ಇನ್ನೊಬ್ಬರಿಗೆ ದಕ್ಕುವ ಆವರ್ತ ನಿಧಿಯನ್ನು ಕಟ್ಟಲಿ. ಊರಿನ ಪದವೀಧರರು ಪಿಯುಸಿ ಫಲಿತಾಂಶ ಬಂದ ವಾರವೇ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕುಳಿತು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ, ಅರ್ಜಿ ತುಂಬಿಸಿಕೊಡಲಿ.